ಸೈಕಲ್ಲು, ಸಂಸಾರ ಮತ್ತು ಆರೋಗ್ಯ



ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿದ ಮಾತ್ರಕ್ಕೆ ಕುಟುಂಬದ ಕ್ಷೇಮವು ಪೂರ್ಣವಾಗುವುದಿಲ್ಲ. ಹುಟ್ಟಿದ ಮಕ್ಕಳನ್ನು ಓದಿಸಿ, ಬೆಳೆಸಿ, ದಡ ಸೇರಿಸುವವರೆಗೆ ತಂದೆತಾಯಿಗಳಿಬ್ಬರೂ ಗಟ್ಟಿಮುಟ್ಟಾಗಿರಬೇಕು. ದುಡಿಯುವ ವಯಸ್ಸಿನಲ್ಲಿಯೇ ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳಿಗೆ ತುತ್ತಾದರೆ, ಎಷ್ಟೇ ಚಿಕ್ಕ ಸಂಸಾರವಾದರೂ ಅದರ ಭಾರ ಹೊರಲಾರದಷ್ಟಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ, 31.5 ಕೋಟಿ ಜನರಿಗೆ ರಕ್ತದ ಒತ್ತಡವಿದೆ. ಇವು ಪಟ್ಟಣದ ಶ್ರೀಮಂತರ ರೋಗಗಳೆಂದು ಹೇಳುತ್ತಿದ್ದ ಕಾಲ ಕಳೆದುಹೋಯಿತು. ಹಳ್ಳಿಯ ಮನೆಗಳನ್ನೂ ಇವು ಪ್ರವೇಶಿಸಿವೆ.

ಈ ರೋಗಗಳನ್ನು ದೂರವಿರಿಸಲು ನೆರವಾಗುವ ಒಂದು ಸಾಧನವು ನಿಮ್ಮಲ್ಲಿ ಅನೇಕರ ಮನೆಯ ಹಿತ್ತಿಲಿನಲ್ಲಿ ತುಕ್ಕು ಹಿಡಿಯುತ್ತಿರಬಹುದು. ಅದು ಸೈಕಲ್ಲು. ಅದನ್ನು ನಾವು ಏಕೆ ಬಿಟ್ಟೆವು, ಪುನಃ ಹೇಗೆ ರೂಢಿಸಿಕೊಳ್ಳಬಹುದು, ಹಾಗೂ ಗಂಡಹೆಂಡಿರು ಈ ವಿಷಯದಲ್ಲಿ ತಿಳಿದಿರಬೇಕಾದ ಸಂಗತಿಗಳು ಯಾವುವು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಅಭ್ಯಾಸವನ್ನು ರೂಪಿಸುವುದು ಯಾವುದು?

ಸೈಕಲ್ ತುಳಿಯುವುದು ಅಥವಾ ಬಿಡುವುದು ಕೇವಲ ಮನಸ್ಸಿನ ಸಂಗತಿಯೆಂದು ಹಲವರು ಭಾವಿಸುತ್ತಾರೆ. "ಮನಸ್ಸು ಮಾಡಿದರೆ ಆಗದುದೇನು?" ಎನ್ನುತ್ತಾರೆ. ಆದರೆ ಅಭ್ಯಾಸವು ಮನಸ್ಸಿಗಿಂತ ಹೆಚ್ಚಾಗಿ ದಿನಚರಿಯಿಂದ ಹುಟ್ಟುತ್ತದೆ. ಕೆಲಸದ ಸ್ಥಳವು ಎಷ್ಟು ದೂರ, ಯಾವ ಹೊತ್ತಿಗೆ ಹೊರಡಬೇಕು, ಏನನ್ನು ಹೊತ್ತು ಸಾಗಿಸಬೇಕು, ರಸ್ತೆ ಹೇಗಿದೆ, ಉಡುಪು ಯಾವುದು, ನೆರೆಹೊರೆಯವರು ಏನೆನ್ನುವರು - ಇವೆಲ್ಲವೂ ಸೇರಿ ನಮ್ಮ ಕಾಲನ್ನು ಪೆಡಲಿನ ಮೇಲಿರಿಸುತ್ತವೆ, ಇಲ್ಲವೇ ಕೆಳಗಿಳಿಸುತ್ತವೆ. ಇದನ್ನು ಮನಗಾಣಲು ನಮ್ಮ ರಾಜಧಾನಿಯ ದಕ್ಷಿಣ ಭಾಗವನ್ನು ಗಮನಿಸೋಣ. ನಿಮ್ಮ ಬಂಧುಬಳಗದವರಲ್ಲಿ ಯಾರಾದರೊಬ್ಬರು ಅಲ್ಲಿ ನೆಲೆಸಿರುವುದು ಸಂಭವ.

2. ದಕ್ಷಿಣ ಬೆಂಗಳೂರಿನ ನಿದರ್ಶನ

ಜಯನಗರ ಬಡಾವಣೆಗೆ 1948ರಲ್ಲಿ ಅಸ್ತಿಭಾರ ಹಾಕಲಾಯಿತು. ಅದನ್ನು ಬ್ಲಾಕುಗಳಾಗಿ ವಿಂಗಡಿಸಿ, ಉದ್ಯಾನ, ಶಾಲೆ, ಅಂಗಡಿಗಳು ಮನೆಗೆ ಸಮೀಪವಾಗಿರುವಂತೆ ಯೋಜಿಸಲಾಗಿತ್ತು. ಮನೆಯಿಂದ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಬಹುತೇಕರಿಗೆ ಒಂದೆರಡು ಕಿಲೋಮೀಟರು ಮಾತ್ರ. ಆ ದಿನಗಳಲ್ಲಿ ಕಾರ್ಖಾನೆಯ ಕಾರ್ಮಿಕರು, ಗುಮಾಸ್ತರು, ಉಪಾಧ್ಯಾಯರು, ಕಾಲೇಜು ವಿದ್ಯಾರ್ಥಿಗಳು ಸೈಕಲ್ಲಿನಲ್ಲಿಯೇ ಸಂಚರಿಸುತ್ತಿದ್ದರು. ಅವರು ವ್ಯಾಯಾಮಕ್ಕೆಂದು ಸೈಕಲ್ ತುಳಿಯಲಿಲ್ಲ. ಅವರ ಬದುಕಿನ ಅಳತೆಯೇ ಸೈಕಲ್ಲಿನ ಅಳತೆಯಾಗಿತ್ತು.

ಅನಂತರ ಬನಶಂಕರಿ, ಜೆ.ಪಿ. ನಗರಗಳು ಹಂತಹಂತವಾಗಿ ಬೆಳೆದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ. ಬಡಾವಣೆಯೂ ತಲೆಯೆತ್ತಿತು. ಉದ್ಯೋಗಗಳು ಎಲೆಕ್ಟ್ರಾನಿಕ್ ಸಿಟಿಗೂ ಹೊರವರ್ತುಲ ರಸ್ತೆಯ ಕಡೆಗೂ ಸರಿದವು. ಮನೆಗೂ ಕೆಲಸಕ್ಕೂ ನಡುವಣ ಅಂತರವು ಹತ್ತು ಹದಿನೈದು ಕಿಲೋಮೀಟರಿಗೆ ಏರಿತು. ನಗರದಲ್ಲಿ ನೋಂದಣಿಯಾದ ಮೋಟಾರು ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ದೂರ ಹೆಚ್ಚಿತು, ಭಯವೂ ಹೆಚ್ಚಿತು; ಸೈಕಲ್ಲು ಮೂಲೆ ಸೇರಿತು.

ಇಂದು ಆ ಭಾಗದಲ್ಲಿ ಸೈಕಲ್ ತುಳಿಯುವವರನ್ನು ಗಮನಿಸಿದರೆ ಮುಖ್ಯವಾಗಿ ಎರಡು ವರ್ಗಗಳು ಕಾಣುತ್ತವೆ. ಮೊದಲನೆಯವರು ಹೊಟ್ಟೆಪಾಡಿಗಾಗಿ ತುಳಿಯುವವರು: ಮುಂಜಾನೆ ಪತ್ರಿಕೆ ಹಂಚುವ ಹುಡುಗರು, ಸೊಪ್ಪು, ಹೂವು, ಎಳನೀರು ಮಾರುವವರು, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರರು. ಕೈಯಲ್ಲಿ ನಾಲ್ಕು ಕಾಸು ಸೇರಿದ ದಿನ ಇವರಲ್ಲಿ ಅನೇಕರು ಸೈಕಲ್ಲನ್ನು ಬಿಟ್ಟುಬಿಡುತ್ತಾರೆ. ಎರಡನೆಯವರು ಆರೋಗ್ಯಕ್ಕಾಗಿ ತುಳಿಯುವವರು. ಇವರು ಭಾನುವಾರದ ಬೆಳಗ್ಗೆ ಬೆಲೆಬಾಳುವ ಸೈಕಲ್ಲುಗಳನ್ನೇರಿ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳಲ್ಲಿ ದೂರ ಸಾಗುತ್ತಾರೆ. ಆದರೆ ಇವರಲ್ಲಿಯೂ ಹಲವರು ಸೋಮವಾರದಂದು ಒಂದು ಕಿಲೋಮೀಟರು ದೂರದ ಅಂಗಡಿಗೆ ಕಾರಿನಲ್ಲಿ ಹೋಗುತ್ತಾರೆ. ಒಬ್ಬರಿಗೆ ಸೈಕಲ್ಲು ಬಡತನದ ಗುರುತು, ಇನ್ನೊಬ್ಬರಿಗೆ ವಿರಾಮದ ಹವ್ಯಾಸ. ನಿತ್ಯದ ಕೆಲಸಕ್ಕೆ ಅದನ್ನು ಬಳಸುವ ಮಧ್ಯದ ದಾರಿಯು ತೆರವಾಗಿ ಉಳಿದಿದೆ.

ರಸ್ತೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಈ ದಾರಿ ತುಂಬುವುದಿಲ್ಲ ಎಂಬುದಕ್ಕೂ ಜಯನಗರವೇ ಸಾಕ್ಷಿ. 2012ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಕೆಲಕಾಲದಲ್ಲಿಯೇ ಆ ಪಥಗಳ ಬಹುಭಾಗವು ಕಾರು, ಸ್ಕೂಟರುಗಳನ್ನು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಕೋವಿಡ್ ಹರಡಿ ಸಂಚಾರವು ಸ್ತಬ್ಧವಾದಾಗ, ಅದೇ ರಸ್ತೆಗಳಲ್ಲಿ ಸೈಕಲ್ಲುಗಳು ಪುನಃ ಕಾಣಿಸಿಕೊಂಡವು. ವಾಹನಗಳು ಮರಳಿದಂತೆ ಅವು ಮರೆಯಾದವು. ಆ ಕೆಲವು ತಿಂಗಳುಗಳಲ್ಲಿ ಜನರ ಸ್ವಭಾವವು ಬದಲಾಗಿರಲಿಲ್ಲ; ಸುತ್ತಲಿನ ಬದುಕು ಬದಲಾಗಿತ್ತು.

ಹೊಸ ಅವಕಾಶವೂ ಇಲ್ಲದಿಲ್ಲ. 2017ರಲ್ಲಿ ನಮ್ಮ ಮೆಟ್ರೋ ರೈಲು ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮೂಲಕ ಯಲಚೇನಹಳ್ಳಿಯವರೆಗೆ ಬಂದಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆಯ ಮಾರ್ಗವಾಗಿ ಬೊಮ್ಮಸಂದ್ರದವರೆಗೆ ಇನ್ನೊಂದು ಮಾರ್ಗವು ಆರಂಭವಾಯಿತು. ದೂರದ ಪ್ರಯಾಣಕ್ಕೆ ರೈಲು, ಮನೆಯಿಂದ ನಿಲ್ದಾಣಕ್ಕೆ ಸೈಕಲ್ಲು ಎಂದು ಹೊಂದಿಸಿಕೊಂಡರೆ, ಅಂತರವು ಮತ್ತೆ ಸೈಕಲ್ಲಿನ ಅಳತೆಗೆ ಇಳಿಯುತ್ತದೆ.

3. ಹಳ್ಳಿಯ ಸಂಸಾರದಲ್ಲಿ ಆಗುತ್ತಿರುವುದೇನು?

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಕನಕಪುರದ ಕಡೆಯ ಒಂದು ಹಳ್ಳಿಯ ದಂಪತಿಗಳು ಜೀವನೋಪಾಯಕ್ಕಾಗಿ ಬಿ.ಟಿ.ಎಂ. ಬಡಾವಣೆಗೆ ಬಂದು ಬಾಡಿಗೆ ಕೋಣೆಯಲ್ಲಿ ನೆಲೆಸಿದರೆನ್ನೋಣ. ಊರಿನಲ್ಲಿದ್ದಾಗ ಗಂಡನು ದಿನಕ್ಕೆರಡು ಬಾರಿ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ಡೈರಿಗೆ ಹೋಗುತ್ತಿದ್ದನು. ಹೆಂಡತಿಯು ನೀರು ಹೊತ್ತು, ಮೇವು ಕೊಯ್ದು ದುಡಿಯುತ್ತಿದ್ದಳು. ಈಗ ಅವನು ವಸತಿ ಸಮುಚ್ಚಯದ ಬಾಗಿಲಿನಲ್ಲಿ ಹನ್ನೆರಡು ಗಂಟೆ ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾಳೆ. ಊಟ ಮೊದಲಿನಷ್ಟೇ; ಜೊತೆಗೆ ನಾಲ್ಕೈದು ಬಾರಿ ಸಕ್ಕರೆಯ ಚಹಾ, ಬೇಕರಿಯ ತಿಂಡಿ. ಕಂತಿನ ಮೇಲೆ ಮೋಟಾರು ಸೈಕಲ್ಲು ಬಂದಿದೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಸಮೀಪದ ನಮ್ಮ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷಿಸಿದಾಗ ಇಬ್ಬರಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಅವರು ಸೋಮಾರಿಗಳಲ್ಲ. ಅವರ ದುಡಿಮೆಯ ರೀತಿಯು ಬದಲಾಯಿತು. ಶರೀರಕ್ಕೆ ದೊರೆಯುತ್ತಿದ್ದ ಚಲನೆಯು ಅವರಿಗೆ ಅರಿವಾಗದಂತೆಯೇ ಕಳೆದುಹೋಯಿತು.

ಊರು ಬಿಡದವರೂ ಹೀಗೆಯೇ ಆಗುತ್ತಿದ್ದಾರೆ. ಅರ್ಧ ಮೈಲಿ ದೂರದ ಹೊಲಕ್ಕೆ, ಡೈರಿಗೆ, ನ್ಯಾಯಬೆಲೆ ಅಂಗಡಿಗೆ ಮೋಟಾರು ಸೈಕಲ್ಲೇ ಬೇಕಾಗಿದೆ. ಟ್ರ್ಯಾಕ್ಟರು ಉಳುತ್ತದೆ, ಪಂಪು ನೀರೆತ್ತುತ್ತದೆ, ಯಂತ್ರವು ಕೊಯ್ಯುತ್ತದೆ. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಉಳಿದ ಶ್ರಮಕ್ಕೆ ಬದಲಾಗಿ ಶರೀರಕ್ಕೆ ಬೇರೊಂದು ಚಲನೆಯನ್ನು ಒದಗಿಸುವುದು ಅವಶ್ಯಕ.

4. ಸೈಕಲ್ ತುಳಿದಾಗ ಶರೀರದಲ್ಲಿ ಆಗುವುದೇನು?

ತೊಡೆ ಮತ್ತು ಮೀನಖಂಡದ ಸ್ನಾಯುಗಳು ನಮ್ಮ ಶರೀರದ ದೊಡ್ಡ ಸ್ನಾಯುಗಳು. ಇವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರುವಲಾಗಿ ಬಳಸುತ್ತವೆ. ಇನ್ಸುಲಿನ್ ರಸವು ಸರಿಯಾಗಿ ಕೆಲಸ ಮಾಡದವರಲ್ಲಿಯೂ ಈ ಹೀರುವಿಕೆಯು ನಡೆಯುತ್ತದೆ. ತುಳಿತ ನಿಂತ ಮೇಲೂ ಒಂದೆರಡು ದಿನಗಳವರೆಗೆ ಇದರ ಪ್ರಯೋಜನ ಉಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬಹಳ ದೂರ ತುಳಿಯುವುದಕ್ಕಿಂತ, ಎರಡು ದಿನಗಳಿಗಿಂತ ಹೆಚ್ಚು ಅಂತರ ಬಿಡದೆ ಸ್ವಲ್ಪ ಸ್ವಲ್ಪವಾಗಿ ತುಳಿಯುವುದು ಮೇಲು. ಹೃದಯವು ಬಲಗೊಳ್ಳುತ್ತದೆ, ರಕ್ತದ ಒತ್ತಡ ತಗ್ಗುತ್ತದೆ, ನಿದ್ರೆ ಚೆನ್ನಾಗಿ ಬರುತ್ತದೆ. ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿನೋವಿರುವ ಅನೇಕರಿಗೂ ಇದು ನಡಿಗೆಗಿಂತ ಹಗುರವೆನಿಸುತ್ತದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಇದನ್ನು ನಮ್ಮ ಲೆಕ್ಕಕ್ಕೆ ತರೋಣ. ನಿಮ್ಮ ಡೈರಿಯೋ ಹೊಲವೋ ಮನೆಯಿಂದ 3 ಕಿಲೋಮೀಟರು ದೂರವಿದೆಯೆಂದು ತಿಳಿಯಿರಿ. ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಹೋಗಲು 15 ನಿಮಿಷ, ಬರಲು 15 ನಿಮಿಷ. ವಾರಕ್ಕೆ ಐದು ದಿನ ಹೋಗಿಬಂದರೆ ಸರಿಯಾಗಿ 150 ನಿಮಿಷಗಳಾದವು. ವ್ಯಾಯಾಮಕ್ಕೆಂದು ಬೇರೆ ಹೊತ್ತು ಮೀಸಲಿಡಬೇಕಾಗಿಲ್ಲ. ಇದೇ ದಾರಿಯನ್ನು ಲೀಟರಿಗೆ 50 ಕಿಲೋಮೀಟರು ಓಡುವ ಮೋಟಾರು ಸೈಕಲ್ಲಿನಲ್ಲಿ ವರ್ಷಕ್ಕೆ 300 ದಿನ ಕ್ರಮಿಸಿದರೆ 36 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಎಣಿಸಿದರೂ 3,600 ರೂಪಾಯಿಗಳು. ಈ ಹಣವು ಮಕ್ಕಳ ಹಾಲು ಮೊಟ್ಟೆಗೆ ಒದಗಬಹುದು.

ಒಂದು ಎಚ್ಚರಿಕೆ: ಸೈಕಲ್ಲು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬಾರದು.

5. ಮನೆಯ ಹೆಣ್ಣುಮಕ್ಕಳು ಮತ್ತು ಸೈಕಲ್ಲು

ನಮ್ಮ ಹಳ್ಳಿಗಳಲ್ಲಿ ಸೈಕಲ್ಲು ಗಂಡಸಿನ ಸ್ವತ್ತೆಂಬ ಭಾವನೆ ಇನ್ನೂ ಉಳಿದಿದೆ. ಹೆಂಗಸು ಕ್ಯಾರಿಯರಿನ ಮೇಲೆ ಕೂರಬಹುದು, ಹ್ಯಾಂಡಲು ಹಿಡಿಯಬಾರದು! ಇದು ಸರಿಯಲ್ಲ. 1990ರ ದಶಕದ ಆರಂಭದಲ್ಲಿ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಸವಾರಿಯನ್ನೂ ಕಲಿಸಲಾಯಿತು. ಕೂಲಿಕಾರರು, ಕಲ್ಲುಕ್ವಾರಿಯ ಕೆಲಸಗಾರರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ ಸಾವಿರಾರು ಗ್ರಾಮೀಣ ಸ್ತ್ರೀಯರು ಕಲಿತರು. ಆಸ್ಪತ್ರೆಗೆ, ಸಂತೆಗೆ, ಮಕ್ಕಳ ಶಾಲೆಗೆ ಹೋಗಲು ಗಂಡನ ಬಿಡುವನ್ನು ಅಥವಾ ಬಸ್ಸನ್ನು ಕಾಯುವ ಅಗತ್ಯ ಅವರಿಗೆ ಉಳಿಯಲಿಲ್ಲ.

ಹೆಣ್ಣುಮಗುವಿನ ವಿದ್ಯಾಭ್ಯಾಸಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ಬಿಹಾರ ರಾಜ್ಯದಲ್ಲಿ 2006ರಿಂದ ಪ್ರೌಢಶಾಲೆಗೆ ಸೇರುವ ಬಾಲಕಿಯರಿಗೆ ಸೈಕಲ್ ಕೊಂಡುಕೊಳ್ಳಲು ಸರ್ಕಾರವು ಹಣ ನೀಡಿತು. ಅದರಿಂದ ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣವು ಶೇಕಡ 32ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿತು. ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಈ ಪ್ರಯೋಜನವು ಎದ್ದು ಕಂಡಿತು. ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯರಿಗೆ ಸೈಕಲ್ ವಿತರಣೆಯು ಆರಂಭವಾಯಿತು. ಶಾಲೆಯಲ್ಲಿ ಉಳಿದ ಹುಡುಗಿಯು ಬಾಲ್ಯವಿವಾಹದಿಂದಲೂ, ಎಳೆಯ ವಯಸ್ಸಿನ ಹೆರಿಗೆಯಿಂದಲೂ ಪಾರಾಗುತ್ತಾಳೆ. ಮಗಳಿಗೆ ಸೈಕಲ್ ಕಲಿಸುವುದು ಸಹ ಕುಟುಂಬ ಕಲ್ಯಾಣದ ಕಾರ್ಯವೇ ಆಗಿದೆ.

6. ದಂಪತಿಗಳ ಸಂದೇಹಗಳು

ಆರೋಗ್ಯ ಕೇಂದ್ರದಲ್ಲಿ ದಂಪತಿಗಳು ಸಂಕೋಚದಿಂದ ಕೇಳುವ, ಕೆಲವೊಮ್ಮೆ ಕೇಳದೆಯೇ ಮರಳುವ ಪ್ರಶ್ನೆಗಳನ್ನು ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ಸೈಕಲ್ ತುಳಿದರೆ ಗಂಡಸಿನ ಪುರುಷತ್ವ ಕುಂದುವುದೇ?
ಉತ್ತರ: ನಿತ್ಯದ ಸಾಧಾರಣ ಸವಾರಿಯಿಂದ ಅಂತಹ ತೊಂದರೆಯಿಲ್ಲ. ಬಹಳ ಹೊತ್ತು ಒಂದೇ ಸಮನೆ ಕುಳಿತು ತುಳಿದಾಗ ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಸೀಟು ಒತ್ತುತ್ತಿದೆ ಎಂದರ್ಥ. ಸೀಟನ್ನು ಸಮತಟ್ಟಾಗಿಸಿ, ಎತ್ತರವನ್ನು ಸರಿಪಡಿಸಿ, ಆಗಾಗ್ಗೆ ಪೆಡಲಿನ ಮೇಲೆ ಎದ್ದುನಿಲ್ಲಿರಿ. ಜೋಮು ಮುಂದುವರಿದರೆ ವೈದ್ಯರನ್ನು ಕಾಣಿರಿ.

ಪ್ರಶ್ನೆ: ಹುಡುಗಿಯರು ತುಳಿದರೆ ಗರ್ಭಕೋಶಕ್ಕೆ ಪೆಟ್ಟಾಗುವುದೇ? ಮುಟ್ಟಿನ ದಿನಗಳಲ್ಲಿ ತುಳಿಯಬಹುದೇ?
ಉತ್ತರ: ಗರ್ಭಕೋಶವು ಕಿಬ್ಬೊಟ್ಟೆಯ ಮೂಳೆಗಳ ನಡುವೆ ಭದ್ರವಾಗಿದೆ. ಸೈಕಲ್ ಸವಾರಿಯಿಂದ ಬಂಜೆತನ ಬರುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೋವು, ನಿಶ್ಶಕ್ತಿ ಇಲ್ಲದಿದ್ದರೆ ಧಾರಾಳವಾಗಿ ತುಳಿಯಬಹುದು. ಕನ್ಯಾಪೊರೆಯ ಕುರಿತು ಭಯಪಡುವ ತಾಯಂದಿರಿದ್ದಾರೆ. ಆ ಪೊರೆಯ ರಚನೆಯು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದು ಯಾರ ನಡತೆಗೂ ಅಳತೆಗೋಲಲ್ಲ. ಈ ಭಯದಿಂದ ಮಗಳ ಶಾಲೆಯ ದಾರಿಯನ್ನು ಮುಚ್ಚಬೇಡಿ.

ಪ್ರಶ್ನೆ: ವಂಕಿ ಹಾಕಿಸಿಕೊಂಡವರು ತುಳಿಯಬಹುದೇ?
ಉತ್ತರ: ತುಳಿಯಬಹುದು. ಸವಾರಿಯಿಂದ ವಂಕಿ ಜಾರಿಬೀಳುವುದಿಲ್ಲ. ವಿಪರೀತ ನೋವು ಅಥವಾ ರಕ್ತಸ್ರಾವವಿದ್ದರೆ ಮಾತ್ರ ಪರೀಕ್ಷೆ ಮಾಡಿಸಿಕೊಳ್ಳಿರಿ.

ಪ್ರಶ್ನೆ: ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ಅನಂತರ ಎಷ್ಟು ದಿನ ಬಿಡಬೇಕು?
ಉತ್ತರ: ಪುರುಷರು ಶಸ್ತ್ರಚಿಕಿತ್ಸೆಯಾದ 48 ಗಂಟೆಗಳ ಅನಂತರ ಸಾಧಾರಣ ಕೆಲಸಕ್ಕೆ ಮರಳಬಹುದು, ಸೈಕಲ್ಲನ್ನು ಒಂದು ವಾರದ ಅನಂತರ ಏರಬಹುದು. ಆದರೆ ಮೂರು ತಿಂಗಳು ಕಳೆದು, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗುವವರೆಗೆ ನಿರೋಧ್ ಅಥವಾ ಬೇರೊಂದು ವಿಧಾನವನ್ನು ತಪ್ಪದೆ ಬಳಸಬೇಕು. ಸ್ತ್ರೀಯರು 48 ಗಂಟೆಗಳ ಅನಂತರ ಹಗುರ ಕೆಲಸವನ್ನು ಆರಂಭಿಸಿ, ಎರಡು ವಾರಗಳಲ್ಲಿ ಕ್ರಮೇಣ ಎಲ್ಲ ಕೆಲಸಗಳಿಗೆ ಮರಳಬಹುದು. ಪುರುಷರ ಶಸ್ತ್ರಚಿಕಿತ್ಸೆಯು ಹೆಚ್ಚು ಸುಲಭವಾದುದೆಂಬುದನ್ನು ಗಂಡಂದಿರು ಇಲ್ಲಿಯೇ ಗಮನಿಸಬೇಕು. ಅದರಿಂದ ಶಕ್ತಿ ಕುಂದುತ್ತದೆ, ಸೈಕಲ್ ತುಳಿಯಲಾಗದು, ಭಾರ ಎತ್ತಲಾಗದು ಎಂಬುದು ಸುಳ್ಳು.

ಪ್ರಶ್ನೆ: ಗರ್ಭಿಣಿ, ಬಾಣಂತಿಯರು?
ಉತ್ತರ: ಗರ್ಭ ಬೆಳೆದಂತೆ ದೇಹದ ಸಮತೋಲ ಬದಲಾಗಿ ಬೀಳುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ರಸ್ತೆಯ ಮೇಲಿನ ಸವಾರಿಯ ಬದಲು ನಡಿಗೆಯೇ ಲೇಸು. ಹಳ್ಳದಿಣ್ಣೆಯ ದಾರಿಯಲ್ಲಿ ಗರ್ಭಿಣಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿ ಕರೆದೊಯ್ಯಬೇಡಿ. ಹೆರಿಗೆಯಾದ ಆರು ವಾರಗಳ ಅನಂತರ ಪರೀಕ್ಷೆ ಮಾಡಿಸಿಕೊಂಡು ಆರಂಭಿಸಬಹುದು. ಸಿಸೇರಿಯನ್ ಆದವರು ವೈದ್ಯರ ಅಪ್ಪಣೆ ಪಡೆಯಲೇಬೇಕು.

7. ಯಾರು ಎಚ್ಚರ ವಹಿಸಬೇಕು?

ಎದೆನೋವು, ಅತಿಯಾದ ಏದುಸಿರು, ತಲೆಸುತ್ತು ಇರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ತುಳಿಯುವಾಗ ಎದೆ ಹಿಸುಕಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿದರೆ ಕೂಡಲೇ ಇಳಿದು ಕುಳಿತು, 108ಕ್ಕೆ ಕರೆ ಮಾಡಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಹೊರಡಬಾರದು; ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಬೆಲ್ಲ ಇರಲಿ. ಬರಿಗಾಲಿನಲ್ಲಿ ತುಳಿಯದೆ, ಮುಚ್ಚಿದ ಪಾದರಕ್ಷೆ ಧರಿಸಲಿ.

ಚಿಕ್ಕ ಮಕ್ಕಳನ್ನು ಹಿಂದೆ ಕೂರಿಸಿದಾಗ ಅವರ ಪಾದವು ಗಾಲಿಯ ಕಡ್ಡಿಗಳೊಳಗೆ ಸಿಕ್ಕಿ ಹಿಮ್ಮಡಿಯ ಚರ್ಮವೇ ಕಿತ್ತುಬರುವುದುಂಟು. ಹಿಂದಿನ ಗಾಲಿಗೆ ಇಕ್ಕೆಲದಲ್ಲಿಯೂ ಜಾಲರಿ ಹಾಕಿಸಿರಿ. ಮಗುವಿಗೆ ಕಾಲಿಡುವ ಆಸರೆ ಇರಲಿ. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚುಗಳು ಚೈನಿಗೆ ಸಿಕ್ಕದಂತೆ ಕಟ್ಟಿಕೊಳ್ಳಿರಿ. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಡಬೇಡಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿರಿ. ತಲೆಗೆ ಹೆಲ್ಮೆಟ್ ಧರಿಸಿರಿ. ಹೆದ್ದಾರಿಗಿಂತ ಒಳದಾರಿಯು ಸ್ವಲ್ಪ ಸುತ್ತಾದರೂ ಕ್ಷೇಮಕರ. ಮದ್ಯ ಸೇವಿಸಿ ಸೈಕಲ್ಲನ್ನೂ ತುಳಿಯಬಾರದು.

8. ರೂಢಿ ಮಾಡಿಕೊಳ್ಳುವ ಬಗೆ

ದಿನಚರಿಯು ಅಭ್ಯಾಸವನ್ನು ಕೆಡಿಸಿದಂತೆ, ದಿನಚರಿಯನ್ನು ತಿದ್ದಿ ಅಭ್ಯಾಸವನ್ನು ಕಟ್ಟಲೂಬಹುದು.

(ಅ) ಸೈಕಲ್ಲನ್ನು ಒಂದು ನಿಶ್ಚಿತ ಕೆಲಸಕ್ಕೆ ಗಂಟುಹಾಕಿ: ಡೈರಿಗೆ ಹಾಲು ಹಾಕುವುದು, ಮಗುವನ್ನು ಶಾಲೆಗೆ ಬಿಡುವುದು, ಸಂತೆಗೆ ಹೋಗುವುದು, ಯಾವುದಾದರೊಂದು.
(ಆ) 3 ಕಿಲೋಮೀಟರಿನ ಒಳಗಿನ ಕೆಲಸಕ್ಕೆ ಸೈಕಲ್ಲು, ಅದಕ್ಕೂ ಹೆಚ್ಚಿನ ದೂರಕ್ಕೆ ಮಾತ್ರ ಮೋಟಾರು ಎಂಬ ನಿಯಮವನ್ನು ಇಬ್ಬರೂ ಕೂಡಿ ಮಾಡಿಕೊಳ್ಳಿ.
(ಇ) ಸೈಕಲ್ಲನ್ನು ಹಿತ್ತಿಲಿನಿಂದ ಜಗುಲಿಗೆ ತನ್ನಿರಿ. ಕಣ್ಣಿಗೆ ಬೀಳದ ವಸ್ತು ಕೈಗೆ ಬರುವುದಿಲ್ಲ. ಪಂಕ್ಚರನ್ನು ಅಂದೇ ಹಾಕಿಸಿರಿ. ಒಂದು ದಿನದ ಆಲಸ್ಯವು ಒಂದು ವರ್ಷದ ತುಕ್ಕಾಗುತ್ತದೆ.
(ಈ) ಪೆಡಲು ಕೆಳಗಿಳಿದಾಗ ಮಂಡಿಯು ಸ್ವಲ್ಪವೇ ಬಾಗಿರುವಂತೆ ಸೀಟಿನ ಎತ್ತರವಿರಲಿ. ಮೊದಲ ವಾರ ಹತ್ತು ನಿಮಿಷ ಸಾಕು.
(ಉ) ಗಂಡನು ಹೆಂಡತಿಗೆ ಕಲಿಸಲಿ. ಆಕೆಗೆ ಬಂದರೆ ಆತನಿಗೆ ಕಲಿಸಲಿ. ಅಡ್ಡಪಟ್ಟಿಯಿಲ್ಲದ ಸೈಕಲ್ಲು ಮನೆಯಲ್ಲಿದ್ದರೆ ಇಬ್ಬರಿಗೂ ಉಪಯುಕ್ತ.

"ಅವನಿಗೆ ಗಾಡಿ ಕೊಳ್ಳುವ ಶಕ್ತಿಯಿಲ್ಲ" ಎಂದು ಯಾರಾದರೂ ಆಡಿಕೊಂಡಾರೆಂಬ ಅಳುಕು ಬೇಡ. ಬೆಂಗಳೂರಿನಲ್ಲಿ ಉಳ್ಳವರು ಬಹಳ ಹಣ ತೆತ್ತು ಭಾನುವಾರದಂದು ಹುಡುಕಿಕೊಂಡು ಹೋಗುವ ಭಾಗ್ಯವು ನಿಮಗೆ ಡೈರಿಯ ದಾರಿಯಲ್ಲಿಯೇ ದೊರೆಯುತ್ತಿದೆ.

ನೆನಪಿನಲ್ಲಿಡಿ

* 30 ವರ್ಷ ತುಂಬಿದ ಗಂಡಹೆಂಡಿರಿಬ್ಬರೂ ರಕ್ತದ ಒತ್ತಡ ಮತ್ತು ಸಕ್ಕರೆಯನ್ನು ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬೇಕು.
* ಸೊಂಟದ ಸುತ್ತಳತೆಯು ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ಮೀರದಿರಲಿ.
* ವಾರಕ್ಕೆ 150 ನಿಮಿಷ. ಎರಡು ದಿನಗಳಿಗಿಂತ ಹೆಚ್ಚು ಬಿಡುವು ಬೇಡ.
* ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನೋ ಸಂಕೋಚವಿಲ್ಲದೆ ಕೇಳಿರಿ.

ಚರ್ಚೆಗೆ ಪ್ರಶ್ನೆಗಳು

1. ನಿನ್ನೆಯ ದಿನ ನೀವು ಮೋಟಾರು ಸೈಕಲ್ಲಿನಲ್ಲಿ ಮಾಡಿದ ಕೆಲಸಗಳಲ್ಲಿ 3 ಕಿಲೋಮೀಟರಿನ ಒಳಗಿನವು ಎಷ್ಟು?
2. ನಿಮ್ಮ ಮನೆಯಲ್ಲಿ ಸೈಕಲ್ ಬಾರದವರು ಯಾರು? ಅವರಿಗೆ ಕಲಿಸಲು ಇರುವ ಅಡ್ಡಿಯೇನು?
3. ಜಯನಗರದ ಸೈಕಲ್ ಪಥಗಳಿಗೆ ಬಂದ ಗತಿಯು ನಿಮ್ಮೂರಿನ ಶಾಲೆಯ ದಾರಿಗೆ ಬಾರದಂತೆ ಗ್ರಾಮಸಭೆಯಲ್ಲಿ ಯಾವ ಕ್ರಮವನ್ನು ಸೂಚಿಸುವಿರಿ?

ಈ ಮೂರು ಪ್ರಶ್ನೆಗಳನ್ನು ಇಂದು ರಾತ್ರಿಯ ಊಟದ ಅನಂತರ ಗಂಡಹೆಂಡಿರಿಬ್ಬರೂ ಕುಳಿತು ವಿಚಾರ ಮಾಡಿರಿ. ನಾಳೆ ಬೆಳಗ್ಗೆ ಸೈಕಲ್ಲಿನ ಗಾಲಿಗಳಿಗೆ ಗಾಳಿ ಹೊಡೆಸಿರಿ.